ಒಲೆ ಸಾಕು, ಓವನ್ ಬೇಡ: ಗ್ಯೋಟೋಕು ರೂಮಿನ ಚಿಗಳಿ ಚರಿತ್ರೆ

ನಾವು ಬಾಡಿಗೆಗಿರೋ ಈ ಗ್ಯೋಟೋಕು ಒಂದು ಕಾಲಕ್ಕೆ ಉಪ್ಪಿನ ಊರು. ಈಗ ತೋಝಾಯ್ ಲೈನಿನಲ್ಲಿ ಇಳಿದರೆ ಕಾಣೋದು ಅಪಾರ್ಟ್‌ಮೆಂಟು, ಕೊಂಬಿನಿ, ಮಸಾಲೆ ಅಂಗಡಿ ಇಷ್ಟೇ. ರೈಲ್ವೆ ಸ್ಟೇಷನ್ ಬಂದಿದ್ದೇ 1969ರಲ್ಲಿ. ಅದಕ್ಕೂ ನೂರಾರು ವರ್ಷ ಮುಂಚೆ ಇಲ್ಲಿ ಸಮುದ್ರದ ನೀರನ್ನ ಗದ್ದೆಗೆ ಬಿಟ್ಟು ಉಪ್ಪು ತೆಗೀತಿದ್ದರು. 1590ರಲ್ಲಿ ತೊಕುಗಾವಾ ಇಎಯಾಸು ಎದೋಗೆ, ಅಂದರೆ ಇವತ್ತಿನ ಟೋಕಿಯೋಗೆ ಬಂದು ನೆಲೆಸಿದ ಮೇಲೆ ಈ ಉಪ್ಪಿಗೆ ಬೆಲೆ ಬಂತು. ಉಪ್ಪು ಸಾಗಿಸೋದಕ್ಕೆ ಅಂತಲೇ ಒನಾಗಿ ಕಾಲುವೆ ತೋಡಿಸಿದರು. 1632ರಿಂದ ಗ್ಯೋಟೋಕುವಿನಿಂದ ನಿಹೊಂಬಾಶಿ ಕಡೆಗೆ ದೋಣಿ ಓಡಾಡ್ತಿತ್ತು. 1812ರಲ್ಲಿ ನಿಲ್ಲಿಸಿದ ಕಲ್ಲಿನ ದೀಪಸ್ತಂಭ ಹಳೇ ಎದೋ ನದಿ ದಡದಲ್ಲಿ ಈಗಲೂ ಇದೆ. ಭಾನುವಾರ ವಾಕಿಂಗ್ ಹೋದರೆ ನೋಡಬಹುದು. 1917ರ ಬಿರುಗಾಳಿಗೆ ಸಮುದ್ರ ಉಕ್ಕಿ ಉಪ್ಪಿನ ಗದ್ದೆ ಹಾಳಾಯ್ತು, 1929ಕ್ಕೆ ಸರಕಾರ ಉಳಿದಿದ್ದನ್ನೂ ಮುಚ್ಚಿಸಿತು. ನಮ್ಮ ಕಡೆ ಹೋಲಿಸೋದಾದರೆ ಗೋಕರ್ಣದ ಹತ್ತಿರದ ಸಾಣಿಕಟ್ಟಾ ನೆನಪಾಗುತ್ತೆ. ಇಲ್ಲಿ ಗದ್ದೆ ಮುಚ್ಚಿದ ಮರುವರ್ಷವೇ, 1930ರಲ್ಲಿ, ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೀತು.

ಸಿಹಿ ಬಗ್ಗೆ ಬರೆಯೋನು ಉಪ್ಪಿನಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಎದೋ ಜನಕ್ಕೆ ಉಪ್ಪು ಮನೆ ಬಾಗಿಲಲ್ಲಿತ್ತು, ಸಕ್ಕರೆ ಮಾತ್ರ ಹಡಗಿನಲ್ಲಿ ಬರಬೇಕಿತ್ತು. ಜಪಾನಿಗೆ ಸಕ್ಕರೆ ಮೊದಲು ಬಂದಿದ್ದು ಔಷಧಿಯಾಗಿ. ನಾರಾದ ತೋದಾಯ್‌ಜಿ ದೇವಸ್ಥಾನಕ್ಕೆ 756ರಲ್ಲಿ ಒಪ್ಪಿಸಿದ ಔಷಧಿಗಳ ಪಟ್ಟಿಯಲ್ಲಿ ಕಬ್ಬಿನ ಸಕ್ಕರೆಯೂ ಸೇರಿದೆ. ಆಮೇಲೆ ಪೋರ್ಚುಗೀಸರು, ಡಚ್ಚರು, ಚೀನಾದವರು ನಾಗಾಸಾಕಿಗೆ ತಂದು ಇಳಿಸಿದರು. ಹದಿನೆಂಟನೇ ಶತಮಾನದಲ್ಲಿ ಎಂಟನೇ ಶೋಗುನ್ ಯೊಶಿಮುನೆ ದೇಶದೊಳಗೇ ಕಬ್ಬು ಬೆಳೀರಿ ಅಂತ ಪ್ರೋತ್ಸಾಹ ಕೊಟ್ಟ. ಅಲ್ಲಿಯವರೆಗೂ ಬಡವರ ಸಿಹಿ ಅಂದರೆ ಒಣಗಿಸಿದ ಕಾಕಿ ಹಣ್ಣು, ಮೊಳಕೆ ಧಾನ್ಯದಿಂದ ಇಳಿಸಿದ ಅಂಟಿನಂಥ ಅಮೆ. ಈಗ ನೋಡಿದರೆ ಯಂತ್ರದೊಳಗಿನ ಒಂದು ಡಬ್ಬಿ ಕಾಫಿಯಲ್ಲೇ ಎರಡು ಮೂರು ಚಮಚ ಸಕ್ಕರೆ ಇರುತ್ತೆ. ಬೇಸಿಗೆಯಲ್ಲಿ ಗೆಂಬಾದಲ್ಲಿ, ಅಂದರೆ ಸೈಟಿನಲ್ಲಿ, ದಿನಕ್ಕೆ ನಾಲ್ಕು ಡಬ್ಬಿ ಕುಡಿಯೋರು ನಮ್ಮಲ್ಲಿದ್ದಾರೆ.

ಅದರ ಲೆಕ್ಕ ಕೈಗೆ ಸಿಗೋದು ಕೆಂಕೋ ಶಿಂದಾನ್ ದಿವಸ. 1972ರ ಕಾರ್ಮಿಕ ಸುರಕ್ಷತಾ ಕಾನೂನಿನ ಪ್ರಕಾರ ಕಂಪನಿ ನಮಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಲೇಬೇಕು. ನಮ್ಮ ರೂಮಿನಲ್ಲಿ ನಾಲ್ಕು ಜನ. ಬೆಳಗಾವಿ ಕಡೆಯ ಅಣ್ಣನಿಗೆ ಮೂರು ತಿಂಗಳ ಸಕ್ಕರೆ ಸರಾಸರಿ 7.4 ಬಂತು. ನಲವತ್ತೂ ದಾಟಿಲ್ಲ, ಊರಲ್ಲಿ ಇಬ್ಬರು ಮಕ್ಕಳು, ಮನೆ ಸಾಲ ಇದೆ. ಡಾಕ್ಟರು ಮಾತ್ರೆ ಬರೆದು, ಅನ್ನ ಅರ್ಧ ಮಾಡಿ, ಸಿಹಿ ಬಿಡಿ ಅಂದರು. ಅನ್ನ ಅರ್ಧ ಮಾಡಿದರು. ಸಿಹಿ ಬಿಡೋ ಮಾತು ಬಂದಾಗ ಅವರು ಅಂದಿದ್ದು ಇಷ್ಟೇ: "ತಮ್ಮಾ, ಪಂಚಮಿಗೆ ಉಂಡಿ ಇಲ್ಲಂದ್ರ ಅದು ಪಂಚಮಿ ಹೆಂಗಾದೀತು?" ಇಲ್ಲಿ ಆಗಸ್ಟ್ ಮಧ್ಯದ ಒಬೋನ್ ರಜೆಯ ಹತ್ತಿರಹತ್ತಿರವೇ ನಮ್ಮ ನಾಗರಪಂಚಮಿ ಬರುತ್ತೆ. ಕೈಯಲ್ಲಿ ರಜೆಯಿದ್ದೂ ಉಂಡೆ ಇಲ್ಲ ಅನ್ನೋದು ಸಣ್ಣ ವಿಷಯ ಅಲ್ಲ. ಹಾಗಾಗಿ ಸಕ್ಕರೆ ಇಲ್ಲದ, ಓವನ್ ಬೇಡದ ಸಿಹಿ ಹುಡುಕೋ ಕೆಲಸ ನನ್ನ ತಲೆಗೆ ಬಂತು.

ಓವನ್ ಬೇಡ ಅನ್ನೋದು ನಾನು ಎಲೆಕ್ಟ್ರಿಷಿಯನ್ ಆಗಿ ಹೇಳೋ ಮಾತು. ಇಲ್ಲಿ ಮನೆ ಪಾಯಿಂಟು 100 ವೋಲ್ಟ್. 1300 ವ್ಯಾಟಿನ ಓವನ್ ಹಾಕಿದರೆ 13 ಆಂಪ್ ಎಳೆಯುತ್ತೆ. ನಮ್ಮ 230 ವೋಲ್ಟಿನಲ್ಲಿ ಅದು ಆರು ಆಂಪೂ ಆಗಲ್ಲ. ಸಾಮಾನ್ಯ ಸಾಕೆಟ್ 15 ಆಂಪಿಗೆ ಮಾಡಿದ್ದು. ನಮ್ಮಂಥ ರೂಮುಗಳ ಕಾಂಟ್ರಾಕ್ಟ್ ಹೆಚ್ಚಂದರೆ 30 ಆಂಪ್. ಓವನ್ 13, ದೊಡ್ಡ ರೈಸ್ ಕುಕ್ಕರ್ 11, ಏಸಿ 7 ಅಂತ ಕೂಡಿಸಿ ನೋಡಿ, ಬ್ರೇಕರ್ ಬೀಳುತ್ತೆ. ಇನ್ನೊಂದು ಇದೆ. ಕಾಂತೋ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯ ಎಇಜಿ ಜನರೇಟರ್ ತರಿಸಿದರು, ಒಸಾಕಾದವರು ಅಮೆರಿಕದ ಜಿಇಯಿಂದ ತರಿಸಿದರು. ಆ ಎರಡು ಖರೀದಿಗಳಿಂದ ದೇಶ ಇವತ್ತಿಗೂ ಎರಡು ಭಾಗ. ಒಸಾಕಾದಿಂದ ಬದಲಿ ಬಂದ ಗೆಳೆಯನ ಹಳೇ ಮೈಕ್ರೋವೇವ್ ಬಿಟ್ಟಿಯಾಗಿ ಸಿಕ್ಕರೆ ಹಿಂದಿನ ಪ್ಲೇಟು ಓದದೆ ಚುಚ್ಚಬೇಡಿ.

ನಮ್ಮ ಅಡುಗೆಮನೆಯಲ್ಲಿ ಇರೋದು ಎರಡು ಬರ್ನರ್, ಮಧ್ಯೆ ಮೀನು ಸುಡೋ ಗ್ರಿಲ್. ಇದನ್ನ ಕೊರತೆ ಅಂದುಕೊಂಡಿದ್ದೆ. ಚರಿತ್ರೆ ನೋಡಿದರೆ ಇಲ್ಲೂ ನಮ್ಮಲ್ಲೂ ಮನೆ ಸಿಹಿಗೆ ಓವನ್ ಬೇಕೇ ಇರಲಿಲ್ಲ. ಓವನ್ ಎರಡೂ ಕಡೆ ಹೊರಗಿನಿಂದ ಬಂದ ಅಂಗಡಿ ಸಾಮಾನು. ಪೋರ್ಚುಗೀಸರು ಗೋವೆಯಲ್ಲಿ ಬಿಟ್ಟು ಹೋದ ಪದ ಪಾವ್, ನಾಗಾಸಾಕಿಯಲ್ಲಿ ಬಿಟ್ಟು ಹೋದ ಪದ ಪಾನ್. ಎರಡೂ ಒಂದೇ ಮಾತು, ಒಂದೇ ಬ್ರೆಡ್ಡು. ಗಿಂಝಾದ ಕಿಮುರಾಯಾ ಅಂಗಡಿ 1874ರಲ್ಲಿ ಬ್ರೆಡ್ಡಿನೊಳಗೆ ಸಿಹಿ ಹುರುಳಿ ಹೂರಣ ತುಂಬಿ ಆನ್‌ಪಾನ್ ಮಾಡಿತು. ನಮ್ಮಲ್ಲಿ ಹಾಸನ ಕಡೆಯ ಅಯ್ಯಂಗಾರ್ ಮನೆತನದವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು. ಆನ್‌ಪಾನ್ ಆಗಲಿ, ದಿಲ್‌ಪಸಂದ್ ಆಗಲಿ, ಬೀದಿಗೆ ಹೋಗಿ ಕೊಂಡು ತಿನ್ನೋ ಸಿಹಿ. ಮನೇಲಿ ಮಾಡ್ತಿದ್ದದ್ದು ಹುರಿದು, ಕುಟ್ಟಿ, ಬೇಯಿಸಿ, ಕರಿದು.

ಮನೆ ಸಿಹಿ ಕೆಟ್ಟಿದ್ದು ಓವನ್ನಿನಿಂದ ಅಲ್ಲ, ಸಕ್ಕರೆ ಅಗ್ಗವಾಗಿದ್ದರಿಂದ ಅಂತ ನನ್ನ ಅಭಿಪ್ರಾಯ. ಕನ್ನಂಬಾಡಿ ನೀರು ನಾಲೆಗೆ ಹರಿದು 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯ್ತು. ರೈತರಿಗೆ ಅದು ಒಳ್ಳೇದೇ. ಆದರೆ ಹಬ್ಬಕ್ಕೆ ಮಾತ್ರ ಇದ್ದ ಬಿಳಿ ಸಕ್ಕರೆ ನಿಧಾನಕ್ಕೆ ದಿನದ ಕಾಫಿಗೆ, ಉಪ್ಪಿಟ್ಟಿನ ಪಕ್ಕದ ಕೇಸರಿಬಾತಿಗೆ ಇಳೀತು. ಇಲ್ಲಿ ಬೆಲ್ಲದ ವಕೀಲರು ಎದ್ದು ನಿಲ್ತಾರೆ: "ನಾವು ಬೆಲ್ಲ ಹಾಕ್ತೀವಿ, ಏನೂ ಆಗಲ್ಲ." ಆಗುತ್ತೆ. ನೂರು ಗ್ರಾಂ ಸಕ್ಕರೆಯಲ್ಲಿ ನೂರಕ್ಕೆ ನೂರು ಕಾರ್ಬ್ ಇದ್ದರೆ ಬೆಲ್ಲದಲ್ಲಿ 85ರಿಂದ 90. ಒಕಿನಾವಾದ ಕಪ್ಪು ಸಕ್ಕರೆಯೂ ಅಷ್ಟೇ. ರುಚಿ ಹೆಚ್ಚು, ಒಂದಿಷ್ಟು ಖನಿಜ ಉಂಟು. ಸಕ್ಕರೆ ಕಾಯಿಲೆಯವರಿಗೆ ವ್ಯತ್ಯಾಸ ಏನೂ ಇಲ್ಲ.

ಹಾಗಾದರೆ ಬೆಲ್ಲ ತೆಗೆದರೆ ಉಂಡೆ ನಿಲ್ಲುತ್ತಾ? ನಿಜವಾದ ಪ್ರಶ್ನೆ ಇದು, ಯಾಕಂದರೆ ಉಂಡೆಯಲ್ಲಿ ಬೆಲ್ಲಕ್ಕೆ ಎರಡು ಕೆಲಸ: ಸಿಹಿ ಕೊಡೋದು, ಅಂಟಿಸೋದು. ಪಾಕ ಹಿಡಿದು ಮಾಡೋ ಉಂಡೆಯಲ್ಲಿ ಅಂಟೋದೇ ದೊಡ್ಡ ಕೆಲಸ. ನಾನು ತಿಪಟೂರು ಕಡೆಯವನು. ನಮ್ಮಲ್ಲಿ ನಾಗರಪಂಚಮಿಗೆ ಚಿಗಳಿ, ತಂಬಿಟ್ಟು ಮಾಡ್ತಾರೆ. ಚಿಗಳಿಗೆ ಪಾಕ ಇಲ್ಲ. ಎಳ್ಳು ಹುರಿದು ಒರಳಿಗೆ ಹಾಕಿ ಬೆಲ್ಲದ ಜೊತೆ ಕುಟ್ಟುತ್ತಾ ಹೋದರೆ ಎಳ್ಳೇ ಎಣ್ಣೆ ಬಿಡುತ್ತೆ, ಆ ಎಣ್ಣೆಯಲ್ಲೇ ಎಲ್ಲ ಮುದ್ದೆಯಾಗುತ್ತೆ. ಅಮ್ಮ ಕುಟ್ಟೋವಾಗ ನಾನು ಕಣ್ಣಿಟ್ಟಿದ್ದು ಬೆಲ್ಲದ ಚೂರಿನ ಮೇಲೆ ಮಾತ್ರ, ಎಣ್ಣೆ ಕಡೆ ಗಮನ ಹೋಗಿದ್ದು ಇಲ್ಲಿಗೆ ಬಂದ ಮೇಲೆ. ಅಂದರೆ ಚಿಗಳಿಯಲ್ಲಿ ಅಂಟಿಸೋ ಕೆಲಸ ಎಳ್ಳಿನದು. ಬೆಲ್ಲವನ್ನ ಬದಲಾಯಿಸಿದರೂ ಉಂಡೆ ಒಡೆಯಲ್ಲ. ನಮ್ಮ ಹಳೇ ಸಿಹಿಗಳಲ್ಲಿ ಲೋ ಕಾರ್ಬಿಗೆ ಇಷ್ಟು ಸುಲಭವಾಗಿ ಒಗ್ಗೋದು ಇನ್ನೊಂದು ಇಲ್ಲ.

ತಂಬಿಟ್ಟಿನ ಕತೆ ಬೇರೆ. ಹುರಿಗಡಲೆ ಹಿಟ್ಟಿನಲ್ಲೇ ಅರ್ಧಕ್ಕಿಂತ ಹೆಚ್ಚು ಕಾರ್ಬ್ ಇದೆ. ಇದಕ್ಕೆ ದಾರಿ ತೋರಿಸಿದ್ದು ಕೆಲಸದ ಜಾಗದ ಹಿರಿಯ ಮೇಸ್ತ್ರಿ. ಮೂರು ಗಂಟೆ ಟೀ ಹೊತ್ತಿಗೆ ಅವರು ಕೊಟ್ಟ ಮಿಠಾಯಿ ಬಾಯಿಗೆ ಹಾಕಿದರೆ ಥೇಟ್ ತಂಬಿಟ್ಟು! ಹೆಸರು ಕಿನಾಕೊ ನೆಜಿರಿ. ಹುರಿದ ಸೋಯಾ ಹಿಟ್ಟು ಕಿನಾಕೊ, ಅದಕ್ಕೆ ಮಿಝುಅಮೆ ಅನ್ನೋ ಅಂಟು ಸಿರಪ್ ಕಲಸಿ ತಿರುಚಿದ್ದು. ಒಲೆಗೂ ಇಡಲ್ಲ, ಸುಡೋದೂ ಇಲ್ಲ. ಸಿರಪ್ ಬಿಟ್ಟು ಹಿಟ್ಟು ಮಾತ್ರ ತಗೊಂಡರೆ ನಮಗೆ ಬೇಕಾದ್ದು ಸಿಕ್ಕಿತು: ನೂರು ಗ್ರಾಂ ಕಿನಾಕೊದಲ್ಲಿ ನಾರು ಕಳೆದು ಉಳಿಯೋ ಕಾರ್ಬ್ ಸುಮಾರು 10 ಗ್ರಾಂ. ಎಳ್ಳಿನಲ್ಲಿ ಇನ್ನೂ ಕಡಿಮೆ, ಆರರ ಹತ್ತಿರ.

ನಾರು ಕಳೆಯೋ ಈ ಲೆಕ್ಕ ಇಲ್ಲಿ ಪ್ಯಾಕೆಟ್ಟಿನ ಮೇಲೇ ಇರುತ್ತೆ. ತಾನ್‌ಸುಯಿಕಾಬುತ್ಸು ಅಂದರೆ ಒಟ್ಟು ಕಾರ್ಬ್. ಅದರ ಕೆಳಗೆ ಕೆಲವರು ತೋಶಿತ್ಸು, ಶೊಕುಮೊತ್ಸು ಸೆನ್‌ಇ ಅಂತ ಬಿಡಿಸಿ ಬರೀತಾರೆ. ಮೊದಲನೇದು ರಕ್ತಕ್ಕೆ ಹೋಗೋ ಭಾಗ, ಎರಡನೇದು ನಾರು. ಕಾರ್ಬ್ ಕಡಿಮೆ ಮಾಡೋ ಯೋಚನೆ ಹೊಸದೇನಲ್ಲ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಅನ್ನೋ ಶವಸಂಸ್ಕಾರದ ವ್ಯಾಪಾರಿ ಬ್ರೆಡ್, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಟ್ಟು ತೂಕ ಇಳಿಸಿಕೊಂಡು ಅದರ ಮೇಲೆ ಪುಸ್ತಿಕೆಯನ್ನೇ ಅಚ್ಚು ಹಾಕಿಸಿದ. ಜಪಾನಿನಲ್ಲಿ ಕಿತಾಸಾತೊ ಆಸ್ಪತ್ರೆಯ ಡಾಕ್ಟರ್ ಯಾಮಾದಾ ಸಾತೊರು ಇದನ್ನ ರೊಕಾಬೊ ಅನ್ನೋ ಹೆಸರಿನಲ್ಲಿ ಜನಕ್ಕೆ ಮುಟ್ಟಿಸಿದರು. ಅವರ ಅಳತೆ ಉಪವಾಸದ್ದಲ್ಲ: ಊಟಕ್ಕೆ 20ರಿಂದ 40 ಗ್ರಾಂ ತೋಶಿತ್ಸು, ಅದರ ಮೇಲೆ ಸಿಹಿ ತಿಂಡಿಗೆ ದಿನಕ್ಕೆ 10 ಗ್ರಾಂ. ಸಿಹಿಗೂ ಒಂದು ಪಾಲು ಇಟ್ಟಿದ್ದಾರೆ ಅಂದ ಮೇಲೆ ನಮ್ಮ ಅಣ್ಣನ ಮುಖ ಸ್ವಲ್ಪ ಅರಳಿತು.

ಇನ್ನು ಬೆಲ್ಲದ ಜಾಗಕ್ಕೆ ಏನು? ಈ ವಿಷಯದಲ್ಲಿ ನಾವು ಸರಿಯಾದ ದೇಶದಲ್ಲೇ ಇದ್ದೀವಿ. 1969ರಲ್ಲಿ ಸೈಕ್ಲಮೇಟ್ ಅನ್ನೋ ಕೃತಕ ಸಿಹಿಯನ್ನ ಇಲ್ಲಿ ನಿಷೇಧಿಸಿದಾಗ ಕಂಪನಿಗಳು ಬೇರೆ ದಾರಿ ಹುಡುಕಿದವು. 1971ರಲ್ಲಿ ಮೊರಿತಾ ಕಾಗಾಕು ಕಂಪನಿ ಪರಾಗ್ವೆ ದೇಶದ ಸ್ಟೀವಿಯಾ ಎಲೆಯಿಂದ ಸಿಹಿ ತೆಗೆದು ಮಾರಾಟಕ್ಕೆ ತಂತು. 1990ರಲ್ಲಿ ಗ್ಲೂಕೋಸನ್ನ ಯೀಸ್ಟಿನಿಂದ ಹುದುಗಿಸಿ ಮಾಡೋ ಎರಿಥ್ರಿಟಾಲ್ ಫ್ಯಾಕ್ಟರಿ ಮಟ್ಟದಲ್ಲಿ ಬಂತು. 1995ರಲ್ಲಿ ಕೈ ತೊಳೆಯೋ ಸೋಪಿಗೆ ಹೆಸರಾದ ಸರಾಯಾ ಕಂಪನಿ ಎರಿಥ್ರಿಟಾಲಿಗೆ ರಾಕಾಂಕಾ ಹಣ್ಣಿನ ಸಾರ ಸೇರಿಸಿ ಲಾಕಾಂತೊ ಹೊರತಂತು. ರಾಕಾನ್ ಅಂದರೆ ಬೇರೆ ಯಾರೂ ಅಲ್ಲ, ನಮ್ಮ ಅರ್ಹಂತ! ಶ್ರವಣಬೆಳಗೊಳದವರು ದಿನಾ ಹೇಳೋ ಪದ ಚೀನಾ ಸುತ್ತಿ ಜಪಾನಿನ ಸೂಪರ್‌ಮಾರ್ಕೆಟ್ಟಿನ ಸಿಹಿ ಪ್ಯಾಕೆಟ್ಟಿಗೆ ಬಂದು ಕೂತಿದೆ.

ಈ ಪ್ಯಾಕೆಟ್ ತಿರುಗಿಸಿ ನೋಡಿದವರು ಗಾಬರಿ ಆಗ್ತಾರೆ, ಯಾಕಂದರೆ ತೋಶಿತ್ಸು 99 ಚಿಲ್ಲರೆ ಗ್ರಾಂ, ಎನರ್ಜಿ ಮಾತ್ರ 0 ಅಂತ ಬರೆದಿರುತ್ತೆ. ಅಚ್ಚಿನ ತಪ್ಪಲ್ಲ. ಎರಿಥ್ರಿಟಾಲ್ ತೂಕದ ಲೆಕ್ಕದಲ್ಲಿ ಕಾರ್ಬ್, ಆದರೆ ದೇಹ ಅದನ್ನ ಉರಿಸಿಕೊಳ್ಳದೆ ಹೆಚ್ಚುಪಾಲು ಮೂತ್ರದಲ್ಲಿ ಹೊರಗೆ ಹಾಕುತ್ತೆ, ಸಕ್ಕರೆ ಏರಿಸಲ್ಲ. ಹಾಗಂತ ತೀರ್ಥದ ಥರ ಕಣ್ಣಿಗೊತ್ತಿಕೊಳ್ಳೋದೂ ಬೇಡ. ಒಂದೇ ಸಲ ಜಾಸ್ತಿ ತಿಂದರೆ ಹೊಟ್ಟೆ ಗುಡುಗುಡು ಅನ್ನುತ್ತೆ. 2023ರಲ್ಲಿ ಅಮೆರಿಕದ ಒಂದು ಸಂಶೋಧನೆಯಲ್ಲಿ ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಿಗೆ ಹೃದಯದ ತೊಂದರೆ ಹೆಚ್ಚು ಕಂಡಿತು. ಇದರಿಂದಲೇ ಅದು ಅಂತ ಸಾಬೀತಾಗಿಲ್ಲ. ನಾನು ಹಬ್ಬಕ್ಕೆ, ವಾರದ ಕೊನೆಗೆ ಅಂತ ಇಟ್ಟುಕೊಂಡಿದ್ದೀನಿ. ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಅನ್ನ ಒಮ್ಮೆಲೇ ಕಡಿಮೆ ಮಾಡೋ ಮುಂಚೆ ಡಾಕ್ಟರನ್ನ ಕೇಳಲೇಬೇಕು, ಇಲ್ಲಾಂದ್ರೆ ಸಕ್ಕರೆ ತೀರಾ ಇಳಿದು ಏಣಿ ಮೇಲೇ ತಲೆ ಸುತ್ತೀತು.

ನಾವು ಮಾಡೋ ಚಿಗಳಿ ಹೀಗಿದೆ. ಇರಿಗೋಮಾ ಅಂತ ಸಿಗೋ ಹುರಿದ ಎಳ್ಳು 100 ಗ್ರಾಂ, ಬಾಣಲೆಯಲ್ಲಿ ಸಣ್ಣ ಉರಿಗೆ ಮತ್ತೆ ಎರಡು ನಿಮಿಷ ಬೆಚ್ಚಗೆ ಮಾಡಿ. ಬಿಸಿ ಇದ್ದರೇ ಎಣ್ಣೆ ಬಿಡೋದು. ಲಾಕಾಂತೊ ಅಥವಾ ಬರೀ ಎರಿಥ್ರಿಟಾಲ್ 30 ಗ್ರಾಂ, ಮೊದಲೇ ನುಣ್ಣಗೆ ಪುಡಿ ಮಾಡಿರಬೇಕು. ಹರಳು ಹಾಗೇ ಹಾಕಿದರೆ ಹಲ್ಲಿಗೆ ಮರಳು ಸಿಕ್ಕ ಹಾಗಿರುತ್ತೆ. ಕಿನಾಕೊ 20 ಗ್ರಾಂ, ತುರಿದ ಕೊಬ್ಬರಿ 20 ಗ್ರಾಂ, ಎರಡು ಏಲಕ್ಕಿ, ಎರಡು ಚಿಟಿಕೆ ಉಪ್ಪು. ಊರಿಂದ ತಂದ ಮಿಕ್ಸಿ ಇಲ್ಲಿ ಸುಮ್ಮನೆ ಚುಚ್ಚಿದರೆ ಮುದುಕರ ಥರ ಏದುಸಿರು ಬಿಡುತ್ತೆ. ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಬೇಕು. ಮಿಕ್ಸಿ 750 ವ್ಯಾಟ್ ಆದರೆ ಟ್ರಾನ್ಸ್‌ಫಾರ್ಮರ್ 1500 ವ್ಯಾಟಿಂದು ಇರಲಿ, ಮೋಟರು ಶುರುವಿನಲ್ಲಿ ಹೆಚ್ಚು ಎಳೆಯುತ್ತೆ. ಅದಕ್ಕಿಂತ ಒಳ್ಳೇದು ಸುರಿಬಾಚಿ, ಒಳಗೆ ಗೀರುಗೀರು ಇರೋ ಜಪಾನೀ ಮಣ್ಣಿನ ಒರಳು. ಕರೆಂಟೇ ಬೇಡ. ಎಳ್ಳು ಕಪ್ಪಾಗಿ ಮಿಂಚೋವರೆಗೆ ಅರೆದು, ಉಳಿದಿದ್ದು ಸೇರಿಸಿ, ಮುದ್ದೆ ಬಿಗಿಯಾಗದಿದ್ದರೆ ಒಂದು ಚಮಚ ತುಪ್ಪ ಬಿಟ್ಟು ಹನ್ನೊಂದು ಉಂಡೆ ಕಟ್ಟಿ. ಲೆಕ್ಕ ಹಾಕಿದರೆ ಒಂದು ಉಂಡೆಗೆ ರಕ್ತಕ್ಕೆ ಹೋಗೋ ಕಾರ್ಬ್ ಸುಮಾರು 1 ಗ್ರಾಂ. ಇಷ್ಟೇ ಎಳ್ಳಿಗೆ 75 ಗ್ರಾಂ ಬೆಲ್ಲ ಹಾಕಿದ್ದರೆ 6-7 ಗ್ರಾಂ ಆಗ್ತಿತ್ತು. ಕಾರ್ಬ್ ಇಲ್ಲ ಅಂತ ಹನ್ನೊಂದೂ ಒಬ್ಬರೇ ತಿನ್ನೋ ಹಾಗಿಲ್ಲ, ಎಳ್ಳು ನೂರು ಗ್ರಾಮಿಗೆ 600 ಕ್ಯಾಲರಿ.

ಉಪ್ಪು ಮರೀಬೇಡಿ. ಎರಿಥ್ರಿಟಾಲ್ ಬಾಯಲ್ಲಿ ಪುದೀನದ ಹಾಗೆ ತಣ್ಣಗೆ ಮಾಡುತ್ತೆ, ಸಿಹಿಯೂ ಸಕ್ಕರೆಯ ಮುಕ್ಕಾಲು ಪಾಲಷ್ಟೇ. ಚಿಟಿಕೆ ಉಪ್ಪು ಆ ಸಿಹಿಯನ್ನ ಎತ್ತಿ ತೋರಿಸುತ್ತೆ. ಇಲ್ಲಿನವರು ಹುರುಳಿ ಪಾಯಸಕ್ಕೂ ಹೀಗೇ ಉಪ್ಪು ಹಾಕ್ತಾರೆ. ಗ್ಯೋಟೋಕು ಉಪ್ಪಿನ ಗದ್ದೆ ಹೋಗಿ ನೂರು ವರ್ಷ ಆಗ್ತಾ ಬಂತು, ನಾವು ಹಾಕೋದು ಅಂಗಡಿ ಉಪ್ಪೇ ಬಿಡಿ.

ಎಳ್ಳು ಒಗ್ಗದವರಿಗೆ ಇನ್ನೆರಡು ಸಾಮಾನು ಹೇಳ್ತೀನಿ. ಒಂದು ಒಕಾರಾ, ತೋಫು ಮಾಡಿ ಉಳಿಯೋ ಸೋಯಾ ಹಿಂಡಿ. 1999ರಲ್ಲಿ ಜಪಾನಿನ ಸುಪ್ರೀಂ ಕೋರ್ಟು ಇದನ್ನ ಕೈಗಾರಿಕಾ ತ್ಯಾಜ್ಯ ಅಂತ ತೀರ್ಪು ಕೊಟ್ಟಿತ್ತು! ಈಗ ಅದನ್ನೇ ಒಣಗಿಸಿ ಪುಡಿ ಮಾಡಿ ರೊಕಾಬೊ ಕಪಾಟಿನಲ್ಲಿ ಇಟ್ಟಿದ್ದಾರೆ. ಬಹುಪಾಲು ನಾರು, ತುಪ್ಪದಲ್ಲಿ ಹುರಿದು, ಶೇಂಗಾ ಅರೆದು ಕಲಸಿದರೆ ಉಂಡೆಯಾಗುತ್ತೆ, ಒಣಗಲು ಜಾಸ್ತಿ. ಇನ್ನೊಂದು ಕಾಂತೆನ್. ನಮ್ಮೂರ ಅಂಗಡಿಯಲ್ಲಿ ಚೈನಾ ಗ್ರಾಸ್ ಅಂತ ಮಾರೋದು ಇದೇ, ಚೀನಾದ್ದೂ ಅಲ್ಲ, ಹುಲ್ಲೂ ಅಲ್ಲ, ಸಮುದ್ರದ ಪಾಚಿ. ಹದಿನೇಳನೇ ಶತಮಾನದಲ್ಲಿ ಕ್ಯೋತೋದ ಫುಶಿಮಿಯಲ್ಲಿ ಮಿನೊಯಾ ತಾರೊಝಾಎಮೊನ್ ಅನ್ನೋ ಹೋಟೆಲಿನವನು ಮಿಕ್ಕ ಪಾಚಿ ಗಂಜಿಯನ್ನ ಚಳಿಗಾಲದಲ್ಲಿ ಹೊರಗೆಸೆದ, ಅದು ಹೆಪ್ಪುಗಟ್ಟಿ ಒಣಗಿ ಕಾಂತೆನ್ ಆಯ್ತು ಅಂತ ಇಲ್ಲಿಯವರ ಹೇಳಿಕೆ. 1880ರ ದಶಕದಲ್ಲಿ ಜರ್ಮನಿಯಲ್ಲಿ ಫ್ಯಾನಿ ಹೆಸ್ಸೆ ಎಂಬಾಕೆ ಅಡುಗೆಮನೆಯ ಈ ಸಾಮಾನನ್ನ ಗಂಡನಿಗೆ ತೋರಿಸಿ, ಅಲ್ಲಿಂದ ಅದು ಕೋಖ್ ಅವರ ಪ್ರಯೋಗಾಲಯ ಸೇರಿತು. ರೋಗಾಣು ಬೆಳೆಸಿ ನೋಡೋದಕ್ಕೆ ಇವತ್ತಿಗೂ ಅದೇ ಗತಿ. ನಮಗೆ ಬೇಕಾಗಿದ್ದು ಅದರ ಇನ್ನೊಂದು ಗುಣ: ಫ್ರಿಜ್ ಇಲ್ಲದೆಯೂ ಗಟ್ಟಿಯಾಗುತ್ತೆ, ಕಾರ್ಬ್ ಇಲ್ಲ. ಅರ್ಧ ಲೀಟರ್ ನೀರಿಗೆ 4 ಗ್ರಾಂ ಪುಡಿ ಹಾಕಿ ಎರಡು ನಿಮಿಷ ಕುದಿಸಬೇಕು. ಬೆಚ್ಚಗಿನ ನೀರಿಗೆ ಕದಡಿದರೆ ಕರಗಲ್ಲ. ಆಮೇಲೆ ತೆಂಗಿನ ಹಾಲು, ಏಲಕ್ಕಿ, ಸಿಹಿ ಸೇರಿಸಿ ತಟ್ಟೆಗೆ ಹುಯ್ದರೆ ಅರ್ಧ ಗಂಟೆಯಲ್ಲಿ ಹಾಲುಬಾಯಿಯ ಥರ ಕತ್ತರಿಸಬಹುದು. ಕರಾವಳಿಯ ನಮ್ಮ ರೂಮ್‌ಮೇಟ್ ಮೊದಲು ಮೂಗು ಮುರಿದವನು ಈಗ ಕೇಳಿ ಮಾಡಿಸ್ಕೋತಾನೆ.

ಈ ಸಲದ ಪಂಚಮಿಗೆ ಬೆಳಗಾವಿ ಅಣ್ಣ ಎರಡು ಚಿಗಳಿ ತಿಂದು, "ಚಲೋ ಆಗ್ಯಾವ, ಆದ್ರ ಇವು ನಿಮ್ಮ ಮೈಸೂರ ಕಡೆಯವು" ಅಂದರು. ಅವರಿಗೆ ಬೇಕಾಗಿದ್ದು ಲಡಗಿ ಉಂಡಿ. ಅದಕ್ಕೆ ಕಡಲೆ ಹಿಟ್ಟಿನ ಸೇವು, ಮೇಲೆ ಬೆಲ್ಲದ ಎಳೆಪಾಕ. ಎರಿಥ್ರಿಟಾಲಿನಿಂದ ಪಾಕ ಬರಲ್ಲ. ಕುದಿಸಿದರೆ ನೀರಾಗುತ್ತೆ, ಆರಿದರೆ ಕಲ್ಲುಸಕ್ಕರೆ ಥರ ಹರಳುಗಟ್ಟಿ ಉದುರುತ್ತೆ. ಒಕಾರಾ ಸೇರಿಸಿ ಸೇವು ಕರೆಯೋದಂತೂ ಸಾಧ್ಯವಾಯ್ತು, ಪಾಕದ್ದು ಮಾತ್ರ ಮೂರು ಸಲ ಮಾಡಿದರೂ ಅಂಟಿಲ್ಲ. ಓದುಗರಲ್ಲಿ ಯಾರಾದರೂ ಅಕ್ಕಂದಿರು, ಅಣ್ಣಂದಿರು ಇದಕ್ಕೆ ಉಪಾಯ ಕಂಡುಕೊಂಡಿದ್ದರೆ ಮುಂದಿನ ಸಂಚಿಕೆಯವರೆಗೆ ಕಾಯಬೇಡಿ, ಮೊದಲೇ ತಿಳಿಸಿ. ಅವರು ದಿನಾ ಕೇಳ್ತಿದ್ದಾರೆ.